ಹಾಸನ ರೈಲು ನಿಲ್ದಾಣ: ನಡೆದುಬಂದ ದಾರಿ, ವರ್ತಕರಿಗೆ ದೊರೆಯುವ ಸೌಲಭ್ಯಗಳು

ಒಂದು ಊರಿನ ವ್ಯಾಪಾರದ ಚರಿತ್ರೆಯನ್ನು ಬರೆಯಲು ಹೊರಟವರು ಅಲ್ಲಿನ ಸಂತೆ, ಮಂಡಿ, ಬ್ಯಾಂಕುಗಳ ಜೊತೆಗೆ ರೈಲು ನಿಲ್ದಾಣದ ಚರಿತ್ರೆಯನ್ನೂ ಬರೆಯಲೇಬೇಕಾಗುತ್ತದೆ. ಹಾಸನದ ಮಟ್ಟಿಗೆ ಈ ಮಾತು ಇನ್ನೂ ಹೆಚ್ಚು ಸತ್ಯ. ಇಂದು ಹಾಸನ ಜಂಕ್ಷನ್ನಿನಿಂದ ಉತ್ತರಕ್ಕೆ 47 ಕಿ.ಮೀ. ದೂರದ ಅರಸೀಕೆರೆಗೆ, ದಕ್ಷಿಣಕ್ಕೆ ಹೊಳೆನರಸೀಪುರದ ಮೂಲಕ 119 ಕಿ.ಮೀ. ದೂರದ ಮೈಸೂರಿಗೆ, ಪಶ್ಚಿಮಕ್ಕೆ ಸಕಲೇಶಪುರದ ಘಟ್ಟವನ್ನಿಳಿದು 189 ಕಿ.ಮೀ. ದೂರದ ಮಂಗಳೂರಿಗೆ, ಪೂರ್ವಕ್ಕೆ ಚನ್ನರಾಯಪಟ್ಟಣ, ಶ್ರವಣಬೆಳಗೊಳಗಳ ಮೂಲಕ ಬೆಂಗಳೂರಿಗೆ ಹಳಿಗಳಿವೆ. ನಾಲ್ಕು ದಿಕ್ಕುಗಳಿಗೂ ದಾರಿ ತೆರೆದಿರುವ ಇಂತಹ ಅನುಕೂಲ ನಮ್ಮ ರಾಜ್ಯದ ಎಲ್ಲ ಜಿಲ್ಲಾ ಕೇಂದ್ರಗಳಿಗೂ ಒದಗಿಲ್ಲ.

ಆದರೆ ಹಳಿ ಇರುವುದು ಬೇರೆ, ಆ ಹಳಿಯಿಂದ ಊರಿನ ವ್ಯಾಪಾರಕ್ಕೆ ಪ್ರಯೋಜನವಾಗುವುದು ಬೇರೆ. ಹಳಿಯನ್ನು ಸರ್ಕಾರ ಹಾಕಿಸಬಹುದು. ಅದರ ಮೇಲೆ ಓಡುವ ಸರಕನ್ನು ವರ್ತಕರೇ ತರಬೇಕು. ನಮ್ಮ ನಿಲ್ದಾಣದ ನೂರು ವರ್ಷಗಳಿಗೂ ಮೀರಿದ ಇತಿಹಾಸದಿಂದ ನಾವು ಕಲಿಯಬೇಕಾದ ಪಾಠ ಇದೇ ಆಗಿದೆ. ಆ ಇತಿಹಾಸವನ್ನೂ, ನಿಲ್ದಾಣದಿಂದ ವರ್ತಕರಿಗೆ ಹಾಗೂ ಸಣ್ಣ ಕೈಗಾರಿಕೆಗಳಿಗೆ ದೊರೆಯುವ ಸೌಲಭ್ಯಗಳನ್ನೂ ಸಂಕ್ಷೇಪವಾಗಿ ಪರಿಚಯಿಸುವುದು ಈ ಲೇಖನದ ಉದ್ದೇಶ.

ಅರಸೀಕೆರೆಗೆ ಮೊದಲು, ಹಾಸನಕ್ಕೆ ನಂತರ

ಮೈಸೂರು ಸಂಸ್ಥಾನದಲ್ಲಿ ಬೆಂಗಳೂರು-ಮೈಸೂರು ರೈಲು ಮಾರ್ಗ 1882ರಲ್ಲಿ ಪೂರ್ಣಗೊಂಡಿತು. ಬೆಂಗಳೂರಿನಿಂದ ತುಮಕೂರು, ಅರಸೀಕೆರೆಗಳ ಮೂಲಕ ಹರಿಹರದ ಕಡೆಗೆ ಹೋಗುವ ಮಾರ್ಗ 1880ರ ದಶಕದ ಕೊನೆಗೆ ಸಿದ್ಧವಾಯಿತು. ಹೀಗಾಗಿ ನಮ್ಮ ಜಿಲ್ಲೆಯಲ್ಲಿ ಮೊದಲು ರೈಲು ಕಂಡದ್ದು ಜಿಲ್ಲಾ ಕೇಂದ್ರವಾದ ಹಾಸನವಲ್ಲ, ಅರಸೀಕೆರೆ. ತೆಂಗು ಹಾಗೂ ಕೊಬ್ಬರಿಯ ವ್ಯಾಪಾರದಲ್ಲಿ ಅರಸೀಕೆರೆ ಮತ್ತು ತಿಪಟೂರುಗಳು ಮುಂದೆ ಹೆಸರು ಮಾಡುವುದಕ್ಕೆ ಆ ಮಾರ್ಗವೂ ನೆರವಾಯಿತೆಂದು ಹೇಳಿದರೆ ತಪ್ಪಾಗಲಾರದು. ಹಾಸನ, ಹೊಳೆನರಸೀಪುರ, ಅರಕಲಗೂಡು ಭಾಗದ ಸರಕು ಮಾತ್ರ ಎತ್ತಿನ ಗಾಡಿಗಳನ್ನೇ ನಂಬಿಕೊಂಡಿರಬೇಕಾಯಿತು.

ಸುಮಾರು ಮೂರು ದಶಕಗಳ ನಂತರ ಈ ಕೊರತೆ ನೀಗಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರವರೆಗಿನ ಅವಧಿಯಲ್ಲಿ ಸಂಸ್ಥಾನವು ತನ್ನ ಸ್ವಂತ ಬಂಡವಾಳದಿಂದ ರೈಲು ಮಾರ್ಗಗಳನ್ನು ವಿಸ್ತರಿಸುವ ಕಾರ್ಯಕ್ಕೆ ಒತ್ತು ಕೊಟ್ಟಿತು. ಮೈಸೂರಿನಿಂದ ಕೃಷ್ಣರಾಜನಗರ, ಹೊಳೆನರಸೀಪುರ, ಹಾಸನಗಳ ಮೂಲಕ ಅರಸೀಕೆರೆಯನ್ನು ಸೇರುವ ಮೀಟರ್ ಗೇಜ್ ಮಾರ್ಗವು 1910ರ ದಶಕದ ಕೊನೆಯ ಹೊತ್ತಿಗೆ ಸಂಚಾರಕ್ಕೆ ತೆರೆದುಕೊಂಡಿತು. ಮೈಸೂರು ಬ್ಯಾಂಕ್ 1913ರಲ್ಲಿ, ಮೈಸೂರು ವಾಣಿಜ್ಯ ಮಂಡಳಿ 1916ರಲ್ಲಿ ಸ್ಥಾಪನೆಯಾದದ್ದೂ ಇದೇ ಕಾಲದಲ್ಲಿ. ಸಾಲಕ್ಕೆ ಬ್ಯಾಂಕು, ಸಾಗಣೆಗೆ ರೈಲು, ವರ್ತಕರ ಮಾತನ್ನು ಸರ್ಕಾರಕ್ಕೆ ತಲುಪಿಸಲು ಮಂಡಳಿ ಎಂಬ ಮೂರೂ ಒಟ್ಟಿಗೆ ಬಂದುದನ್ನು ವಾಣಿಜ್ಯ ಸಂಸ್ಥೆಗಳ ಸದಸ್ಯರಾದ ನಾವು ವಿಶೇಷವಾಗಿ ಗಮನಿಸಬೇಕು. ಇವುಗಳಲ್ಲಿ ಒಂದಿಲ್ಲದಿದ್ದರೆ ಉಳಿದೆರಡು ಕುಂಟುತ್ತವೆ ಎಂಬ ತಿಳಿವಳಿಕೆ ಅಂದಿನವರಿಗೆ ಇತ್ತು.

1951ರಲ್ಲಿ ಮೈಸೂರು ರೈಲ್ವೆಯು ದಕ್ಷಿಣ ರೈಲ್ವೆಯಲ್ಲಿ ವಿಲೀನವಾಯಿತು. 2003ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡ ನೈರುತ್ಯ ರೈಲ್ವೆ ವಲಯ ರಚನೆಯಾದ ಮೇಲೆ ಹಾಸನ ನಿಲ್ದಾಣವು ಆ ವಲಯದ ಮೈಸೂರು ವಿಭಾಗಕ್ಕೆ ಸೇರಿದೆ.

ಘಟ್ಟವನ್ನಿಳಿದ ಹಳಿ

ಮಲೆನಾಡಿನ ಕಾಫಿ, ಏಲಕ್ಕಿ, ಮೆಣಸುಗಳಿಗೆ ಸಹಜವಾದ ಬಂದರು ಮಂಗಳೂರು. ಆದರೆ ನಡುವೆ ಪಶ್ಚಿಮ ಘಟ್ಟ ಅಡ್ಡವಾಗಿದ್ದುದರಿಂದ ಹಾಸನ-ಮಂಗಳೂರು ರೈಲು ಮಾರ್ಗದ ಕಾಮಗಾರಿ ಆರಂಭವಾದದ್ದು 1960ರ ದಶಕದಲ್ಲಿ. 1974ರಲ್ಲಿ ನವಮಂಗಳೂರು ಬಂದರು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. 1979ರಲ್ಲಿ ಮಾರ್ಗವು ಪ್ರಯಾಣಿಕರ ಸಂಚಾರಕ್ಕೆ ಮುಕ್ತವಾಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ 55 ಕಿ.ಮೀ. ಘಟ್ಟದ ಹಾದಿಯಲ್ಲಿ 57 ಸುರಂಗಗಳೂ, ನೂರಕ್ಕೂ ಹೆಚ್ಚು ಸೇತುವೆಗಳೂ ಇವೆ. ಐವತ್ತು ಅಡಿ ಸಾಗಿದರೆ ಒಂದು ಅಡಿ ಏರುವಷ್ಟು ಕಡಿದಾದ ಇಳಿಜಾರಿದು. ಭಾರವಾದ ಗೂಡ್ಸ್ ಗಾಡಿಗಳನ್ನು ಹತ್ತಿಸಲು ಹೆಚ್ಚುವರಿ ಎಂಜಿನ್‌ಗಳು ಬೇಕಾಗುತ್ತವೆ. ವೇಗವನ್ನೂ ಬಹಳವಾಗಿ ತಗ್ಗಿಸಬೇಕಾಗುತ್ತದೆ. ಈ ಮಾರ್ಗದಲ್ಲಿ ಸಾಗಣೆಯ ಅವಧಿ ದೂರದ ಲೆಕ್ಕಕ್ಕಿಂತ ಹೆಚ್ಚಾಗಲು ಇದೇ ಕಾರಣ.

ಈ ಮಾರ್ಗದಿಂದ ಹಾಸನದ ಸ್ಥಾನವೇ ಬದಲಾಯಿತು. ಅರಸೀಕೆರೆ ಹಾಗೂ ಮೈಸೂರುಗಳ ನಡುವಿನ ಒಂದು ನಿಲ್ದಾಣವಾಗಿದ್ದ ಹಾಸನ ಅಂದಿನಿಂದ ಜಂಕ್ಷನ್ ಆಯಿತು. ಒಳನಾಡಿನ ಊರಿಗೆ ಕಡಲಿನ ನಂಟು ದೊರೆಯಿತು.

ಹನ್ನೊಂದು ವರ್ಷಗಳ ವಿರಾಮ

ಇಲ್ಲಿಂದ ಮುಂದಿನದು ನಮ್ಮ ವರ್ತಕರು ಮರೆಯಬಾರದ ಅಧ್ಯಾಯ. ದೇಶದ ಮೀಟರ್ ಗೇಜ್ ಮಾರ್ಗಗಳನ್ನು ಬ್ರಾಡ್‌ಗೇಜ್‌ಗೆ ಪರಿವರ್ತಿಸುವ ನೀತಿಯಂತೆ 1990ರ ದಶಕದಲ್ಲಿ ನಮ್ಮ ಭಾಗದಲ್ಲಿಯೂ ಕೆಲಸ ಆರಂಭವಾಯಿತು. ಒಂದು ಮೀಟರ್ ಅಗಲದ ಹಳಿಯಿಂದ 1,676 ಮಿ.ಮೀ. ಅಗಲದ ಹಳಿಗೆ ಬದಲಾವಣೆಯೆಂದರೆ ಸುರಂಗ, ಸೇತುವೆ, ತಿರುವುಗಳೆಲ್ಲವನ್ನೂ ಹೊಸ ಅಳತೆಗೆ ಹೊಂದಿಸಬೇಕು. ಇದಕ್ಕಾಗಿ 1996ರಲ್ಲಿ ಘಟ್ಟದ ಮೂಲಕ ನೇರ ಸಂಚಾರ ನಿಂತಿತು. ಹಣಕಾಸಿನ ಅಡಚಣೆಯಿಂದ ಕೆಲಸ ಕುಂಟಿತು. 2003ರಲ್ಲಿ ರೈಲ್ವೆ ಇಲಾಖೆ ಹಾಗೂ ಕರ್ನಾಟಕ ಸರ್ಕಾರಗಳ ಪಾಲುಗಾರಿಕೆಯಲ್ಲಿ ಹಾಸನ-ಮಂಗಳೂರು ರೈಲು ಅಭಿವೃದ್ಧಿ ಕಂಪನಿ ಸ್ಥಾಪನೆಯಾದ ಮೇಲೆ ಕಾಮಗಾರಿಗೆ ವೇಗ ಬಂದಿತು. 2006ರಲ್ಲಿ ಗೂಡ್ಸ್ ಗಾಡಿಗಳೂ, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ಗಾಡಿಗಳೂ ಮತ್ತೆ ಘಟ್ಟವನ್ನು ದಾಟಿದವು.

ಪ್ರಯಾಣಿಕರಿಗೆ ಹನ್ನೊಂದು ವರ್ಷ, ಸರಕಿಗೆ ಹತ್ತು ವರ್ಷ ದಾರಿ ಇರಲಿಲ್ಲ. ವ್ಯಾಪಾರ ಅಷ್ಟು ಕಾಲ ಕಾಯುವುದಿಲ್ಲ. ಬೆಂಗಳೂರು-ಮಂಗಳೂರು ಹೆದ್ದಾರಿಯಲ್ಲಿ ಲಾರಿ ಸಾಗಣೆ ಬೆಳೆಯಿತು. ಮಂಡಿಯ ಅಂಗಳಕ್ಕೇ ಬಂದು ಮಾಲು ತುಂಬಿಕೊಂಡು ಗಿರಾಕಿಯ ಬಾಗಿಲಿಗೇ ಇಳಿಸುವ ಪದ್ಧತಿಗೆ ಎಲ್ಲರೂ ಒಗ್ಗಿಕೊಂಡರು. ಪೆಟ್ರೋಲು, ಡೀಸೆಲ್ಲುಗಳಿಗೆ ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿನ ಬಳಿಯ ದೇವನಗೊಂದಿಯವರೆಗೆ ಕೊಳವೆ ಮಾರ್ಗವೇ 2003ರಲ್ಲಿ ಕಾರ್ಯಾರಂಭ ಮಾಡಿತು. ಹೀಗೆ ರೈಲು ಹಿಂದಿರುಗುವಷ್ಟರಲ್ಲಿ ಅದರ ಹಳೆಯ ಗಿರಾಕಿಗಳು ಬೇರೆ ದಾರಿ ಕಂಡುಕೊಂಡಿದ್ದರು.

ಹೊಸ ಬ್ರಾಡ್‌ಗೇಜ್ ಮಾರ್ಗಕ್ಕೆ ಮೊದಮೊದಲು ಆಸರೆಯಾದದ್ದು ಬಂದರಿಗೆ ಹೋಗುವ ಕಬ್ಬಿಣದ ಅದಿರು. 2010ರಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತಿಗೆ ತಡೆ ಹಾಕಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆ ಆಸರೆಯೂ ಕುಸಿಯಿತು. ಒಂದೇ ಸರಕನ್ನು ನಂಬಿದ ಮಾರ್ಗ ಒಂದೇ ಗಿರಾಕಿಯನ್ನು ನಂಬಿದ ಅಂಗಡಿಯಂತೆ ಎಂಬುದನ್ನು ನಮ್ಮ ವರ್ತಕರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಶ್ರವಣಬೆಳಗೊಳದ ದಾರಿ

ಬೆಂಗಳೂರಿಗೆ ರೈಲಿನಲ್ಲಿ ಹೋಗಬೇಕಾದರೆ ಅರಸೀಕೆರೆಯನ್ನು ಸುತ್ತಬೇಕಾಗಿದ್ದುದು ಹಾಸನದವರ ಬಹುಕಾಲದ ಕೊರಗಾಗಿತ್ತು. ಹೊಳೆನರಸೀಪುರದ ಮಣ್ಣಿನಿಂದ ಬಂದ ಶ್ರೀ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದ 1996-97ರ ಸಾಲಿನಲ್ಲಿ ಹಾಸನ-ಶ್ರವಣಬೆಳಗೊಳ-ಬೆಂಗಳೂರು ಹೊಸ ಮಾರ್ಗಕ್ಕೆ ಮಂಜೂರಾತಿ ದೊರೆಯಿತು. 2006ರ ಮಹಾಮಸ್ತಕಾಭಿಷೇಕದ ಹೊತ್ತಿಗೆ ಹಾಸನದಿಂದ ಶ್ರವಣಬೆಳಗೊಳದವರೆಗೆ ಹಳಿ ಸಿದ್ಧವಾಯಿತು. ಉಳಿದ ಭಾಗ ಯಡಿಯೂರು, ಕುಣಿಗಲ್, ನೆಲಮಂಗಲಗಳ ಮೂಲಕ ಪೂರ್ಣಗೊಂಡು, 2017ರ ಮಾರ್ಚ್ 26ರಂದು ಪೂರ್ತಿ ಮಾರ್ಗ ಲೋಕಾರ್ಪಣೆಯಾಯಿತು. ಮಂಜೂರಾತಿಯಿಂದ ಪೂರ್ಣತೆಯವರೆಗೆ ಎರಡು ದಶಕಗಳೇ ಹಿಡಿದವು.

ಬೆಳಿಗ್ಗೆ ಹಾಸನದಿಂದ ಹೊರಟು ಸಂಜೆ ಯಶವಂತಪುರದಿಂದ ಹಿಂದಿರುಗುವ ಇಂಟರ್‌ಸಿಟಿ ಗಾಡಿ ಅದೇ ದಿನ ಆರಂಭವಾಯಿತು. ಮೂರು ತಿಂಗಳೊಳಗೆ, 2017ರ ಜೂನ್‌ನಲ್ಲಿ, ಬೆಂಗಳೂರಿನ ಮೆಟ್ರೋ ಹಸಿರು ಮಾರ್ಗ ಚಿಕ್ಕಪೇಟೆ, ಕೃಷ್ಣರಾಜ ಮಾರುಕಟ್ಟೆಗಳವರೆಗೆ ವಿಸ್ತರಣೆಗೊಂಡಿತು. ಜವಳಿ, ಪಾತ್ರೆ, ವಿದ್ಯುತ್ ಸಾಮಗ್ರಿಗಳ ಸಗಟು ಖರೀದಿಗೆ ಹೋಗುವ ನಮ್ಮ ಚಿಲ್ಲರೆ ವರ್ತಕರು ಯಶವಂತಪುರದಲ್ಲಿ ಇಳಿದು ಮೆಟ್ರೋ ಹತ್ತಿ, ಪೇಟೆಯ ಕೆಲಸ ಮುಗಿಸಿ, ಲಾಡ್ಜಿನ ಖರ್ಚಿಲ್ಲದೆ ರಾತ್ರಿ ಮನೆ ಸೇರುವುದು ಸಾಧ್ಯವಾಯಿತು.

ಇದಕ್ಕೆ ಇನ್ನೊಂದು ಮುಖವೂ ಇದೆ. ವರ್ತಕನಿಗೆ ತೆರೆದ ದಾರಿ ಗಿರಾಕಿಗೂ ತೆರೆದಿರುತ್ತದೆ. ಮದುವೆಯ ಜವಳಿಗೆ, ಒಡವೆಗೆ ಹಾಸನ ಅಥವಾ ಚನ್ನರಾಯಪಟ್ಟಣದ ಅಂಗಡಿಗೆ ಬರುತ್ತಿದ್ದ ಕುಟುಂಬ ಅದೇ ಗಾಡಿಯಲ್ಲಿ ಬೆಂಗಳೂರಿಗೂ ಹೋಗಬಲ್ಲದು. ರೈಲು ಬಂದ ಮಾತ್ರಕ್ಕೆ ಸಣ್ಣ ಊರಿನ ವ್ಯಾಪಾರ ಬೆಳೆಯುತ್ತದೆ ಎಂದು ಭಾವಿಸುವುದು ಸರಿಯಲ್ಲ. ಹೋಗುವ ಗಿರಾಕಿಯನ್ನು ತಡೆಯಲಾಗದು. ಬರುವ ಗಿರಾಕಿಯನ್ನು ಹೆಚ್ಚಿಸಿಕೊಳ್ಳಬಹುದು. ಸಕಲೇಶಪುರ, ಅರಸೀಕೆರೆ, ಹೊಳೆನರಸೀಪುರ, ಚನ್ನರಾಯಪಟ್ಟಣಗಳಿಂದ ಹಾಸನಕ್ಕೆ ಬೆಳಿಗ್ಗೆ ಬಂದು ಸಂಜೆ ಹಿಂದಿರುಗುವ ನೌಕರರು, ವಿದ್ಯಾರ್ಥಿಗಳು, ಕಾರ್ಖಾನೆಯ ಕೆಲಸಗಾರರು ನಮ್ಮ ಪೇಟೆಯ ನಿತ್ಯದ ಗಿರಾಕಿಗಳಾಗಬಲ್ಲವರು. ಆದ್ದರಿಂದ ಬೆಂಗಳೂರಿನ ಗಾಡಿಗೆ ನಾವು ಕೊಡುವಷ್ಟೇ ಗಮನವನ್ನು ಈ ಹತ್ತಿರದ ಊರುಗಳ ಪ್ಯಾಸೆಂಜರ್ ಗಾಡಿಗಳ ವೇಳೆಗೂ ಕೊಡಬೇಕಾಗಿದೆ.

ದಿನನಿತ್ಯದ ಪ್ರಯಾಣಿಕರಿಗೆ

ಪ್ರತಿದಿನ ಓಡಾಡುವವರಿಗೆ ಮಾಸಿಕ ಹಾಗೂ ತ್ರೈಮಾಸಿಕ ಸೀಸನ್ ಟಿಕೆಟ್‌ಗಳು ದೊರೆಯುತ್ತವೆ. ಇವುಗಳಿಗೆ ಸಾಮಾನ್ಯವಾಗಿ 150 ಕಿ.ಮೀ. ದೂರದ ಮಿತಿ ಇದೆ. ಅರಸೀಕೆರೆ, ಹೊಳೆನರಸೀಪುರ, ಮೈಸೂರು, ಸಕಲೇಶಪುರ, ಚನ್ನರಾಯಪಟ್ಟಣ ಇವೆಲ್ಲವೂ ಈ ಮಿತಿಯ ಒಳಗಿವೆ. ಬೆಂಗಳೂರು ಮಾತ್ರ ಹೊರಗುಳಿಯುತ್ತದೆ. ಹೊರಗಿನ ಊರುಗಳಿಂದ ಕೆಲಸಗಾರರನ್ನು ತೆಗೆದುಕೊಳ್ಳುವ ಸಣ್ಣ ಕೈಗಾರಿಕೆಗಳು ಸೀಸನ್ ಟಿಕೆಟ್ಟಿನ ವೆಚ್ಚವನ್ನು ತಾವೇ ಭರಿಸಿದರೆ, ಕೆಲಸಗಾರರಿಗೆ ನಗರದಲ್ಲಿ ಬಾಡಿಗೆ ಮನೆ ಮಾಡುವ ಹೊರೆ ತಪ್ಪುತ್ತದೆ. ಕೆಲಸಕ್ಕೆ ಜನರು ಸಿಗುವುದೂ ಸುಲಭವಾಗುತ್ತದೆ. ಗಾಡಿಯ ವೇಳೆಗೆ ಹೊಂದುವಂತೆ ಪಾಳಿಯನ್ನು ಅರ್ಧ ಗಂಟೆ ಹಿಂದೆ ಮುಂದೆ ಮಾಡಿಕೊಳ್ಳುವುದರಿಂದ ಕಾರ್ಖಾನೆಗೆ ನಷ್ಟವೇನೂ ಇಲ್ಲ.

ಖರೀದಿಗೆ ಹೋಗಿಬರುವ ವರ್ತಕರು ಲಗೇಜಿನ ನಿಯಮವನ್ನು ತಿಳಿದಿರಬೇಕು. ಎರಡನೆಯ ದರ್ಜೆಯ ಪ್ರಯಾಣಿಕರು 35 ಕಿಲೋ ತೂಕದವರೆಗೆ ಉಚಿತವಾಗಿ ಒಯ್ಯಬಹುದು. ಸೀಸನ್ ಟಿಕೆಟ್ ಹೊಂದಿದವರಿಗೆ ಈ ಮಿತಿ ಬಹಳ ಕಡಿಮೆ. ಹೆಚ್ಚಿನ ಮಾಲನ್ನು ಬುಕ್ ಮಾಡಿಸದೆ ಬೋಗಿಗೆ ಹತ್ತಿಸಿದರೆ ದಂಡ ತೆರಬೇಕಾಗುತ್ತದೆ. ವಿಚಾರಣೆ ಹಾಗೂ ದೂರುಗಳಿಗೆ 139 ಸಂಖ್ಯೆಗೆ ಕರೆ ಮಾಡಬಹುದು.

ಪಾರ್ಸೆಲ್ ಮತ್ತು ಗೂಡ್ಸ್

ಸಣ್ಣ ಪ್ರಮಾಣದ ಮಾಲಿಗೆ ಪಾರ್ಸೆಲ್, ದೊಡ್ಡ ಪ್ರಮಾಣಕ್ಕೆ ಗೂಡ್ಸ್ ಎಂಬುದು ಸ್ಥೂಲವಾದ ವಿಂಗಡಣೆ. ಪಾರ್ಸೆಲ್ ಪ್ರಯಾಣಿಕರ ಗಾಡಿಯಲ್ಲಿಯೇ ಹೋಗುವುದರಿಂದ ಬೇಗ ತಲುಪುತ್ತದೆ. ಆದರೆ ನಡುವಿನ ನಿಲ್ದಾಣಗಳಲ್ಲಿ ಗಾಡಿ ಕೆಲವೇ ನಿಮಿಷ ನಿಲ್ಲುವುದರಿಂದ ಎಲ್ಲ ಗಾಡಿಗಳಿಗೂ ಪಾರ್ಸೆಲ್ ಹತ್ತಿಸಲಾಗುವುದಿಲ್ಲ. ಯಾವ ಗಾಡಿಗೆ, ಎಷ್ಟು ಪ್ರಮಾಣಕ್ಕೆ ಸ್ಥಳಾವಕಾಶವಿದೆ ಎಂಬುದನ್ನು ಮುಂಚಿತವಾಗಿ ವಿಚಾರಿಸಿಕೊಂಡ ನಂತರವೇ ಗಿರಾಕಿಗೆ ಮಾತು ಕೊಡುವುದು ಕ್ಷೇಮ. ಪ್ರತಿಯೊಂದು ಗಂಟಿನ ಮೇಲೂ ಕಳುಹಿಸುವವರ ಮತ್ತು ಪಡೆಯುವವರ ಹೆಸರು, ಊರು, ಗಂಟುಗಳ ಸಂಖ್ಯೆ ಸ್ಪಷ್ಟವಾಗಿರಬೇಕು.

ಗೂಡ್ಸ್ ಸಾಗಣೆಯಲ್ಲಿ ಲೆಕ್ಕ ಬೇರೆ. ಮುಚ್ಚಿದ ವ್ಯಾಗನ್ನುಗಳ ಒಂದು ಸಾಂಪ್ರದಾಯಿಕ ಪೂರ್ಣ ರೇಕಿನಲ್ಲಿ 42 ವ್ಯಾಗನ್‌ಗಳಿರುತ್ತವೆ. ಒಂದೊಂದಕ್ಕೆ 60 ಟನ್ನಿನಂತೆ ಹಿಡಿದರೂ 2,500 ಟನ್ ಮೀರುತ್ತದೆ. ಹದಿನಾರು ಟನ್ನಿನ ಲಾರಿಗಳಾದರೆ 150ಕ್ಕೂ ಹೆಚ್ಚು ಬೇಕು. ಒಬ್ಬ ವರ್ತಕನಿಂದ ಇಷ್ಟು ಮಾಲು ಸಾಧ್ಯವಿಲ್ಲ ಎಂಬ ಕಾರಣಕ್ಕೆ ನಾವು ರೈಲನ್ನು ಮರೆತಿದ್ದೇವೆ. ಆದರೆ ಕಡಿಮೆ ವ್ಯಾಗನ್ನುಗಳ ಮಿನಿ ರೇಕು, ಎರಡು ನಿಲ್ದಾಣಗಳಲ್ಲಿ ಹಂಚಿ ಇಳಿಸುವ ರೇಕು ಮುಂತಾದ ವ್ಯವಸ್ಥೆಗಳೂ ರೈಲ್ವೆಯಲ್ಲಿವೆ. ಇವುಗಳ ಷರತ್ತುಗಳು ಆಗಾಗ ಬದಲಾಗುವುದರಿಂದ ವಿಭಾಗೀಯ ವಾಣಿಜ್ಯ ಕಚೇರಿಯಿಂದ ಪ್ರಚಲಿತ ನಿಯಮವನ್ನು ಪಡೆದುಕೊಳ್ಳಬೇಕು.

ನಮ್ಮ ಜಿಲ್ಲೆಯ ಒಂದು ಉದಾಹರಣೆಯನ್ನು ನೋಡೋಣ. ಹಾಸನ, ಅರಕಲಗೂಡು ಭಾಗದ ಆಲೂಗಡ್ಡೆ ಬೇಸಾಯಕ್ಕೆ ಬಿತ್ತನೆ ಗಡ್ಡೆ ಬರುವುದು ಮುಖ್ಯವಾಗಿ ಪಂಜಾಬಿನ ಜಲಂಧರ್ ಕಡೆಯಿಂದ. ಮುಂಗಾರಿಗೆ ಮುನ್ನ, ಕೆಲವೇ ವಾರಗಳಲ್ಲಿ, ಎಲ್ಲ ವರ್ತಕರಿಗೂ ಒಂದೇ ಮಾಲು, ಒಂದೇ ಊರಿನಿಂದ, ಒಂದೇ ಊರಿಗೆ ಬೇಕಾಗುತ್ತದೆ. ದೂರದ ಸಾಗಣೆಯಲ್ಲಿ ರೈಲಿನ ದರ ಲಾರಿಗಿಂತ ಅಗ್ಗವಾಗುವ ಸಾಧ್ಯತೆ ಹೆಚ್ಚು. ಹತ್ತಾರು ವರ್ತಕರು ಸೇರಿ ತಮ್ಮ ಬೇಡಿಕೆಯನ್ನು ಒಟ್ಟುಗೂಡಿಸಿದರೆ ರೇಕಿನ ಲೆಕ್ಕವನ್ನು ಪರಿಶೀಲಿಸಲು ಅವಕಾಶವಿದೆ. ಗಡ್ಡೆ ಕೊಳೆಯುವ ಪದಾರ್ಥವಾದುದರಿಂದ ಗಾಳಿಯಾಡುವ ವ್ಯಾಗನ್, ಮಾರ್ಗದ ಅವಧಿ, ಇಳಿಸುವಾಗಿನ ಹಮಾಲಿ ಇವೆಲ್ಲವನ್ನೂ ಮೊದಲೇ ನಿಗದಿಪಡಿಸಿಕೊಳ್ಳಬೇಕು. ನಿಗದಿತ ಉಚಿತ ಅವಧಿಯೊಳಗೆ ವ್ಯಾಗನ್ ಖಾಲಿ ಮಾಡದಿದ್ದರೆ ಡೆಮರೇಜ್, ಶೆಡ್ಡಿನಿಂದ ಮಾಲು ತೆಗೆಯದಿದ್ದರೆ ವಾರ್ಫೇಜ್ ಬೀಳುತ್ತದೆ. ಉಳಿಸಿದ ಬಾಡಿಗೆಯೆಲ್ಲವೂ ಅದಕ್ಕೇ ಹೋದೀತು.

ಅರಕಲಗೂಡು ತಾಲ್ಲೂಕಿಗೆ ಇಂದಿಗೂ ಹಳಿ ಇಲ್ಲ. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದ್ದರೂ ಅಲ್ಲಿನ ವರ್ತಕರು ರೈಲನ್ನು ಬಳಸಬೇಕಾದರೆ ಹೊಳೆನರಸೀಪುರಕ್ಕೋ ಹಾಸನಕ್ಕೋ ಬರಬೇಕು. ನಿಲ್ದಾಣದವರೆಗಿನ ಲಾರಿ ಬಾಡಿಗೆ, ಎರಡು ಬಾರಿಯ ಹಮಾಲಿ ಎರಡನ್ನೂ ಸೇರಿಸಿಯೇ ಅವರು ರೈಲಿನ ದರವನ್ನು ಹೋಲಿಸಿ ನೋಡಬೇಕು.

ರಸೀದಿ, ಹೊಣೆ, ಪರಿಹಾರ

1989ರ ರೈಲ್ವೆ ಕಾಯ್ದೆಯ ಕೆಲವು ಅಂಶಗಳು ಪ್ರತಿಯೊಬ್ಬ ವರ್ತಕನಿಗೂ ತಿಳಿದಿರಬೇಕು. ಮಾಲು ಒಪ್ಪಿಸಿದಾಗ ಕೊಡುವ ರೈಲ್ವೆ ರಸೀದಿಯೇ ಮಾಲಿನ ಹಕ್ಕಿನ ಪತ್ರ. ಅದನ್ನು ಬ್ಯಾಂಕಿನ ಮೂಲಕ ಕಳುಹಿಸಿ ಹಣ ಬಂದ ಮೇಲೆ ಬಿಡುಗಡೆ ಮಾಡುವ ಪದ್ಧತಿ ವರ್ತಕನಿಗೆ ರಕ್ಷಣೆಯಾಗಿದೆ. ರಸೀದಿ ಕಳೆದುಹೋದರೆ ಮಾಲು ಬಿಡಿಸಿಕೊಳ್ಳಲು ಇಂಡೆಮ್ನಿಟಿ ಬಾಂಡ್ ಬರೆದುಕೊಡಬೇಕಾಗುತ್ತದೆ.

ಮಾಲಕರ ಹೊಣೆಯ ಅಗ್ಗದ ದರದಲ್ಲಿ ಕಳುಹಿಸಿದರೆ, ನಷ್ಟವಾದಾಗ ರೈಲ್ವೆ ನೌಕರರ ನಿರ್ಲಕ್ಷ್ಯ ಅಥವಾ ದುರ್ನಡತೆಯನ್ನು ಸಾಬೀತುಪಡಿಸುವ ಹೊರೆ ನಮ್ಮ ಮೇಲೆ ಬೀಳುತ್ತದೆ. ಬೆಲೆಬಾಳುವ ಮಾಲಿಗೆ ರೈಲ್ವೆಯ ಹೊಣೆಯ ದರವೇ ಉತ್ತಮ. ಮಾಲಿನ ಬೆಲೆಯನ್ನು ಘೋಷಿಸದಿದ್ದರೆ ಪರಿಹಾರಕ್ಕೆ ತೂಕದ ಆಧಾರದ ಮಿತಿ ಅನ್ವಯಿಸುತ್ತದೆ. ರೇಷ್ಮೆಯ ಗಂಟಿಗೂ ಗೋಣಿಚೀಲದ ಗಂಟಿಗೂ ಆಗ ಒಂದೇ ಲೆಕ್ಕ. ಪ್ಯಾಕಿಂಗ್ ದೋಷವುಳ್ಳದ್ದೆಂದು ರವಾನೆ ಪತ್ರದಲ್ಲಿ ನಮೂದಾದರೆ ನಮ್ಮ ಹಕ್ಕು ದುರ್ಬಲವಾಗುತ್ತದೆ. ಆದುದರಿಂದ ಸಹಿ ಹಾಕುವ ಮೊದಲು ಪೂರ್ತಿಯಾಗಿ ಓದಬೇಕು. ಪರಿಹಾರ ಕೇಳುವ ನೋಟೀಸನ್ನು ಮಾಲು ಒಪ್ಪಿಸಿದ ದಿನಾಂಕದಿಂದ ಆರು ತಿಂಗಳೊಳಗೆ ಲಿಖಿತವಾಗಿ ಕೊಡಬೇಕು. ವಿವಾದ ಬಗೆಹರಿಯದಿದ್ದರೆ ರೈಲ್ವೆ ಕ್ಲೇಮುಗಳ ನ್ಯಾಯಮಂಡಳಿಗೆ ಹೋಗಬಹುದು.

ಜಿ.ಎಸ್.ಟಿ. ನಿಯಮದಂತೆ ರೈಲಿನಲ್ಲಿ ಕಳುಹಿಸುವ ಮಾಲಿಗೆ ಇ-ವೇ ಬಿಲ್ಲನ್ನು ಸಾಗಣೆ ಆರಂಭವಾದ ನಂತರವೂ ಸಿದ್ಧಪಡಿಸಬಹುದು. ಆದರೆ ಬಿಲ್ಲು ಅಗತ್ಯವಿರುವ ಮಾಲನ್ನು ಅದನ್ನು ಹಾಜರುಪಡಿಸದೆ ರೈಲ್ವೆಯವರು ಬಿಟ್ಟುಕೊಡುವಂತಿಲ್ಲ.

ಮಳೆಗಾಲದ ಎಚ್ಚರಿಕೆ

ಪಶ್ಚಿಮದ ಮಾರ್ಗವನ್ನು ಬಳಸುವವರು ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2018ರ ಆಗಸ್ಟ್‌ನಲ್ಲಿಯೂ, 2024ರ ಜುಲೈ ಕೊನೆಯಲ್ಲಿಯೂ ಸಕಲೇಶಪುರ-ಸುಬ್ರಹ್ಮಣ್ಯ ನಡುವೆ ಭೂಕುಸಿತವಾಗಿ ಸಂಚಾರ ನಿಂತಿತ್ತು. ಶಿರಾಡಿ ಘಟ್ಟದ ಹೆದ್ದಾರಿಯೂ ಇದೇ ಮಳೆಗೆ ಸಿಕ್ಕುತ್ತದೆ. ಎರಡೂ ದಾರಿಗಳು ಒಟ್ಟಿಗೆ ಮುಚ್ಚುವ ಸಂಭವ ಉಂಟು. ಬಂದರಿನ ಹಡಗಿನ ದಿನಾಂಕಕ್ಕೆ ಬದ್ಧರಾದ ಕಾಫಿ, ಸಾಂಬಾರ ಪದಾರ್ಥ ಹಾಗೂ ಜವಳಿಯ ರಫ್ತುದಾರರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲವು ದಿನಗಳ ಹೆಚ್ಚುವರಿ ಅವಧಿಯನ್ನು ಇಟ್ಟುಕೊಂಡು ಒಪ್ಪಂದ ಮಾಡಿಕೊಳ್ಳುವುದು ವಿವೇಕದ ಮಾತು.

ಮುಂದಿನ ಹೆಜ್ಜೆ

ಕೇಂದ್ರ ಸರ್ಕಾರದ ಅಮೃತ ಭಾರತ ನಿಲ್ದಾಣ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಹಾಸನ, ಅರಸೀಕೆರೆ, ಸಕಲೇಶಪುರ ಮೂರೂ ನಿಲ್ದಾಣಗಳು ಸೇರಿವೆ. ಬೇಲೂರಿನ ಮೂಲಕ ಚಿಕ್ಕಮಗಳೂರಿಗೆ ಸಂಪರ್ಕ ಕಲ್ಪಿಸುವ ಮಾರ್ಗಕ್ಕೂ ಮಂಜೂರಾತಿ ದೊರೆತಿದೆ. ಕಟ್ಟಡ ಸುಂದರವಾಗುವುದು ಸಂತೋಷದ ವಿಷಯವೇ. ಆದರೆ ವರ್ತಕರಾದ ನಾವು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ: ಪಾರ್ಸೆಲ್ ಹತ್ತಿಸಲು ಸಾಕಷ್ಟು ನಿಲುಗಡೆ ಇದೆಯೇ? ಗೂಡ್ಸ್ ಶೆಡ್ಡಿಗೆ ಮಳೆಯಲ್ಲಿಯೂ ಲಾರಿ ಬರುವಂತಹ ರಸ್ತೆ ಇದೆಯೇ? ಹತ್ತಿರದ ಊರುಗಳ ಗಾಡಿಗಳು ಅಂಗಡಿ, ಕಾರ್ಖಾನೆ, ಶಾಲೆಗಳ ವೇಳೆಗೆ ಹೊಂದುತ್ತವೆಯೇ?

ಇಂತಹ ವಿಷಯಗಳನ್ನು ಮಂಡಿಸಲು ವಿಭಾಗೀಯ ರೈಲ್ವೆ ಬಳಕೆದಾರರ ಸಲಹಾ ಸಮಿತಿ ಇದೆ. ಅದರಲ್ಲಿ ವಾಣಿಜ್ಯ ಸಂಸ್ಥೆಗಳಿಗೂ ಪ್ರಾತಿನಿಧ್ಯವಿದೆ. ಆದರೆ ಅಲ್ಲಿ ಬರಿಯ ಬೇಡಿಕೆಗಿಂತ ಅಂಕಿಅಂಶಕ್ಕೆ ತೂಕ ಹೆಚ್ಚು. ಪ್ರತಿಯೊಬ್ಬ ಸದಸ್ಯರೂ ಒಂದು ವರ್ಷದಲ್ಲಿ ತಾವು ತರಿಸುವ ಮತ್ತು ಕಳುಹಿಸುವ ಮಾಲಿನ ಪ್ರಮಾಣ, ಊರು, ತಿಂಗಳು, ಈಗ ಕೊಡುತ್ತಿರುವ ಬಾಡಿಗೆ ಈ ನಾಲ್ಕನ್ನು ಒಂದು ಹಾಳೆಯಲ್ಲಿ ಬರೆದರೂ ಸಾಕು. ಅವೆಲ್ಲವನ್ನೂ ಕೂಡಿಸಿದರೆ, ಯಾವ ದಿಕ್ಕಿಗೆ ಎಷ್ಟು ಸರಕು ಇದೆ ಎಂಬುದು ನಮಗೂ ತಿಳಿಯುತ್ತದೆ, ರೈಲ್ವೆಗೂ ತಿಳಿಯುತ್ತದೆ.

ಘಟ್ಟದ ದಾರಿ ಹತ್ತು ವರ್ಷ ಮುಚ್ಚಿದ್ದಾಗ ನಮ್ಮ ಸರಕು ರೈಲಿನಿಂದ ದೂರವಾಯಿತು, ಅದು ಅನಿವಾರ್ಯವಾಗಿತ್ತು. ದಾರಿ ತೆರೆದು ಇಷ್ಟು ವರ್ಷಗಳಾದ ಮೇಲೂ ದೂರವೇ ಉಳಿದರೆ ಅದಕ್ಕೆ ರೈಲ್ವೆ ಇಲಾಖೆಯೊಂದನ್ನೇ ಹೊಣೆ ಮಾಡಲಾಗದು. ನಾಲ್ಕು ದಿಕ್ಕಿಗೂ ಹಳಿಯಿರುವ ಊರಿನ ವರ್ತಕರು ಒಮ್ಮೆಯಾದರೂ ತಮ್ಮ ಸಾಗಣೆಯ ಲೆಕ್ಕವನ್ನು ಹೊಸದಾಗಿ ಹಾಕಿ ನೋಡಬೇಕೆಂಬುದು ನಮ್ಮ ಕಳಕಳಿಯ ವಿನಂತಿ.